ಗುಂಡ್ಯಾನ ಕಾಯಿಲೆಯೂ ನಮ್ಮನೆ ಹಠವೂ

ನಾಯಿ ಸಾಕಿದೋರನ್ನ ಜನ "ಯಾವ ಜಾತಿ?" ಅಂತ ಕೇಳ್ತಾರೆ. ಫೆರೆಟ್ ಸಾಕಿದೋರನ್ನ "ನಿಮಗ್ಯಾಕೆ ಬಂತು ಈ ರೋಗ?" ಅಂತ ಕೇಳ್ತಾರೆ. ರೋಗ ಬಂದಿದ್ದು ನನಗಲ್ಲ, ಫೆರೆಟ್‌ಗೆ. ಅಲ್ಲಿಂದ ನಮ್ಮ ಮನೇಲಿ ವಾರಕ್ಕೊಂದು ಪ್ರಸಂಗ ನಡೀತಾನೇ ಇದೆ. ನಗೋದಾ, ಜಗಳ ಆಡೋದಾ ಅಂತ ಗೊತ್ತಾಗದೆ ನಾನು ಎರಡನ್ನೂ ಮಾಡ್ಕೊಂಡು ಬಂದಿದ್ದೀನಿ.

ನೋಡಿಲ್ಲದೋರಿಗೆ ಹೇಳ್ಬಿಡ್ತೀನಿ. ಫೆರೆಟ್ ಅಂದ್ರೆ ನೋಡೋಕೆ ಮುಂಗುಸಿ ಥರ ಉದ್ದಕ್ಕಿರೋ, ಬೆಕ್ಕಿಗಿಂತ ಚಿಕ್ಕದಾದ ಸಾಕುಪ್ರಾಣಿ. ಮಾರತ್ತಹಳ್ಳಿ ಪಿ.ಜಿ.ಯಲ್ಲಿದ್ದ ಗೆಳತಿಯೊಬ್ಬಳು ಊರು ಬಿಡೋವಾಗ "ಎರಡು ದಿನ ಇಟ್ಕೊಂಡಿರೇ" ಅಂತ ಕೊಟ್ಟು ಹೋದ್ಲು. ಆ ಎರಡು ದಿನ ಇನ್ನೂ ಮುಗಿದಿಲ್ಲ. ನಾನಿರೋದು ಮಾದನಾಯಕನಹಳ್ಳೀಲಿ. ಕೆಲಸ ಪೀಣ್ಯದ ಒಂದು ವಾಲ್ವ್ ಫ್ಯಾಕ್ಟ್ರಿಯ ಕ್ವಾಲಿಟಿ ವಿಭಾಗದಲ್ಲಿ. ಜೊತೇಲಿ ಅವ್ವ ಇದ್ದಾಳೆ. ರಾಣೆಬೆನ್ನೂರಿನೋಳು, ದಿನಾ ಲಿಂಗಪೂಜೆ, ಹಣೆ ತುಂಬ ವಿಭೂತಿ, ಮೊಟ್ಟೆ ಅನ್ನೋ ಮಾತನ್ನೂ ಮನೆಯೊಳಗೆ ಆಡೋ ಹಾಗಿಲ್ಲ. ಹಗ್ಗದಂಗಿರೋ ಆ ಪ್ರಾಣಿಗೆ ಗುಂಡ್ಯಾ ಅಂತ ಹೆಸರಿಟ್ಟೋಳೂ ಅವಳೇ. ಅವನಿಗೆ ಬೆಕ್ಕಿನ ಒಣ ಆಹಾರ ತಂದು ಹಾಕ್ತಿದ್ದೆ. ಅದರೊಳಗೆ ಏನಿದೆ ಅಂತ ಅವ್ವ ಕೇಳ್ಲಿಲ್ಲ, ನಾನೂ ಹೇಳ್ಲಿಲ್ಲ.

ಒಂದು ಬೆಳಿಗ್ಗೆ ನನ್ನ ಕಾಲುಚೀಲ ಕದ್ದು ಓಡ್ತಿದ್ದ ಗುಂಡ್ಯಾ ನಡುಮನೇಲಿ ಹಿಂಗಾಲು ಸೋತು ಕುಸಿದುಬಿಟ್ಟ. ಬಾಯಲ್ಲಿ ಜೊಲ್ಲು, ಕಣ್ಣು ನೆಟ್ಟಗೆ. ಸ್ವಲ್ಪ ಹೊತ್ತಾದ ಮೇಲೆ ಎದ್ದು, ಏನೂ ಆಗೇ ಇಲ್ಲ ಅನ್ನೋ ಹಾಗೆ ಇನ್ನೊಂದು ಕಾಲುಚೀಲ ಹುಡುಕ್ಕೊಂಡು ಹೋದ. ಮಾರನೇ ದಿನ ಮತ್ತೆ ಬಿದ್ದ. ನೋಡ್ದೋರೆಲ್ಲ ಇದು ಉಳಿಯಲ್ಲ ಅಂದ್ರು. ಉಳಿಸ್ತೀನಿ ಅಂದೆ ನಾನು.

ಟಾನಿಕ್ ಯಾರಿಗೆ?

ಮೊದಲು ಹೋಗಿದ್ದು ತುಮಕೂರು ರಸ್ತೆ ಪಕ್ಕದ ಒಂದು ನಾಯಿ ಕ್ಲಿನಿಕ್‌ಗೆ. ಡಾಕ್ಟರು ಬುಟ್ಟಿ ಮುಚ್ಚಳ ತೆಗೆದು, ಮತ್ತೆ ಮುಚ್ಚಿ, "ಏನಮ್ಮಾ ಇದು?" ಅಂದ್ರು. ಹೇಳಿದೆ. "ಒಂದು ನಿಮಿಷ" ಅಂತ ಫೋನ್ ತೆಗೆದು ಓದೋಕೆ ಶುರು ಮಾಡಿದ್ರು. ನಾನು ಬಗ್ಗಿ ನೋಡಿ, "ಸಾರ್, ಆ ಪುಟ ನಾನು ನಿನ್ನೇನೇ ಓದಿದ್ದೀನಿ, ಅದ್ರಲ್ಲಿ ಏನೂ ಇಲ್ಲ, ಮುಂದಿನದಕ್ಕೆ ಹೋಗಿ" ಅಂದೆ.

ಅವರ ಮುಖ ಕೆಂಪಗಾಯ್ತು. ಅಷ್ಟರಲ್ಲಿ ಗುಂಡ್ಯಾ ಮುಚ್ಚಳ ತಳ್ಳಿ ಬುಟ್ಟಿಯಿಂದ ಹಾರಿ ಟೇಬಲ್ಲೆಲ್ಲ ಕುಣಿದು, ಅವರ ಪೆನ್ನಿನ ಮುಚ್ಚಳ ಕಚ್ಚಿಕೊಂಡು ಬೀರುವಿನ ಕೆಳಗೆ ಸೇರಿದ. ಮನೇಲಿ ಸಾಯೋ ಥರ ಬಿದ್ದಿದ್ದ ಪ್ರಾಣಿ ಇದೇನಾ ಅಂತ ನನಗೇ ನಾಚಿಕೆ ಆಯ್ತು. ಡಾಕ್ಟರು "ಇದಕ್ಕೇನೂ ಆಗಿಲ್ಲ, ನಿಮಗೆ ಟೆನ್ಷನ್ ಜಾಸ್ತಿ" ಅಂತ ಒಂದು ಟಾನಿಕ್ ಬರೆದುಕೊಟ್ರು. ಯಾರು ಕುಡೀಬೇಕು ಅಂತ ಮಾತ್ರ ಹೇಳ್ಲಿಲ್ಲ.

ಓನರ್ ಅಣ್ಣನ ಶಕುನ

ನಮ್ಮ ಮನೆ ಓನರ್ ಕೆಳಗಿನ ಮನೇಲೇ ಇರೋದು. ಈಗ ಬಿಲ್ಡಿಂಗ್ ಇರೋ ಜಾಗದಲ್ಲಿ ಮೊದಲು ರಾಗಿ ಬೆಳೀತಿದ್ದೋರು. ಅವರ ಪ್ರಕಾರ ಗುಂಡ್ಯಾ ಮುಂಗುಸಿ, ಮುಂಗುಸಿ ಮುಖ ನೋಡಿ ಹೊರಟ್ರೆ ಕೆಲಸ ಆಗುತ್ತೆ. ಹಾಗಾಗಿ ಎಲ್ಲಿಗೆ ಹೊರಟ್ರೂ ನಮ್ಮ ಬಾಗಿಲಲ್ಲಿ ನಿಂತು ದರ್ಶನ ತಗೊಂಡು ಹೋಗ್ತಿದ್ರು.

ಗುಂಡ್ಯಾ ಬಿದ್ದಿದ್ದು ನೋಡಿದ ದಿನ ಅವರ ರಾಗ ಬದಲಾಯ್ತು. "ಮೇಡಂ, ಸಾಯೋ ಮುಂಗ್ಸಿ ಮನೇಲಿ ಇರಬಾರ್ದು. ಎಲ್ಲಾರಾ ಬಿಟ್ಬುಡಿ."

"ಬಿಡಲ್ಲ ಅಣ್ಣ. ಅದು ಸಾಯೋದೂ ಇಲ್ಲ."

"ಅಂಗಲ್ಲ, ಮನೆಗೆ ಒಳ್ಳೇದಲ್ಲ ಅಂತ."

"ಮನೆ ನಿಮ್ಮದು, ಮುಂಗುಸಿ ನಂದು. ಕಷ್ಟ ಆದ್ರೆ ನೀವು ಬಂದು ನೋಡೋದನ್ನ ಬಿಡಿ."

ಸಿಟ್ಟಲ್ಲಿ ದಡದಡ ಮೆಟ್ಟಿಲಿಳಿದು ಹೋದ್ರು. ನಾನು ಬಾಗಿಲು ಹಾಕ್ಕೊಂಡೆ. ಸ್ವಲ್ಪ ಹೊತ್ತಿಗೆ ಮತ್ತೆ ಬಾಗಿಲು ತಟ್ಟಿದ ಸದ್ದು. ಇಸ್ತ್ರಿ ಪಂಚೆ, ಕಂಕುಳಲ್ಲಿ ಫೈಲು. "ಇವತ್ತು ಜಮೀನು ಕೇಸೈತೆ ಮೇಡಂ. ವಸಿ ಅದನ್ನ ಎತ್ತಿ ನಿಲ್ಸಿ, ನೋಡ್ಕಂಡು ಓಗ್ತೀನಿ" ಅಂದ್ರು.

ರಿಜೆಕ್ಟ್

ಫ್ಯಾಕ್ಟ್ರೀಲಿ ರಜೆ ಕೇಳೋವಾಗ "ಮನೇಲಿ ಹುಷಾರಿಲ್ಲ" ಅಂದಿದ್ದೆ. ಯಾರಿಗೆ ಅಂತ ಹೇಳಿರ್ಲಿಲ್ಲ. ನಮ್ಮ ಸೆಕ್ಷನ್ನಿನೋರು ಒಳ್ಳೇ ಜನ. ಅವ್ವನಿಗೇ ಏನೋ ಆಗಿದೆ ಅಂತ ಸೇಬು, ಬ್ರೆಡ್ಡು, ಎಳನೀರು ಹಿಡ್ಕೊಂಡು ಮನೆಗೆ ಬಂದ್ಬಿಟ್ರು. ಬಾಗಿಲು ತೆಗೆದಿದ್ದೇ ಅವ್ವ. "ಅಮ್ಮಾ, ನೀವ್ಯಾಕೆ ಎದ್ದು ಬಂದ್ರಿ, ಮಲಕ್ಕೊಳ್ಳಿ" ಅಂತ ಇಬ್ಬರು ಅವಳ ರಟ್ಟೆ ಹಿಡಿದು ಮಂಚಕ್ಕೆ ಕರ್ಕೊಂಡು ಹೋಗಿದ್ದಾರೆ. ಮಂಚದ ಮೇಲೆ ಗುಂಡ್ಯಾ ಮಲಗಿದ್ದ.

ಮಾರನೇ ದಿನ ಮ್ಯಾನೇಜರ್ ನನ್ನ ಕರೆದು, "ಅಷ್ಟಕ್ಕೆಲ್ಲ ರಜೆ ಹಾಕ್ತಾರಾ? ಅದನ್ನ ರಿಜೆಕ್ಟ್ ಮಾಡಿ ಹೊಸದು ತಗೊಳ್ಳಿ" ಅಂದ್ರು.

ಮೈಯೆಲ್ಲ ಉರಿದು ಹೋಯ್ತು. "ಸಾರ್, ಈ ಫ್ಯಾಕ್ಟ್ರೀಲಿ ಯಾವುದು ರಿಜೆಕ್ಟ್ ಅಂತ ಹೇಳೋದು ನಾನು. ಗುಂಡ್ಯಾ ಪಾಸ್ ಆಗಿದ್ದಾನೆ. ನಾಳೆಯೂ ರಜೆ" ಅಂದೆ. ಅವರು ಸಹಿ ಹಾಕಿದ್ರು. ಅವ್ವ ಮಾತ್ರ ಆ ಎಳನೀರು ತನ್ನ ಹೆಸರಲ್ಲೇ ಬಂದಿದ್ದು ಅಂತ ತಾನೇ ಕುಡಿದು ಮುಗಿಸಿದ್ಲು.

ಬೇಳೆ ನಡೀತದೇನ್ರಿ?

ಕೊನೆಗೆ ಫೆರೆಟ್ ನೋಡೋ ಡಾಕ್ಟರಮ್ಮ ಒಬ್ಬರು ಸಿಕ್ಕಿದ್ದು ಎಲೆಕ್ಟ್ರಾನಿಕ್ ಸಿಟೀಲಿ, ನಮಗೆ ಊರಿನ ಇನ್ನೊಂದು ತುದಿ. ಅವ್ವನೂ ಹೊರಟ್ಲು. ಗುಂಡ್ಯಾ ಬಿದ್ದಾಗೆಲ್ಲ ಅವಳು ಬಾಯಿಗೆ ಬೆಲ್ಲ ಹಾಕ್ತಿದ್ಲು, ಅವನು ಎದ್ದು ಕೂರ್ತಿದ್ದ. "ಬೆಲ್ಲದಾಗ ಐತಿ ನೋಡವಾ ಔಷಧ" ಅಂತ ಹೆಮ್ಮೆ. ಆಮೇಲೆ ಮೊದಲಿಗಿಂತ ಜೋರಾಗಿ ಬೀಳ್ತಿದ್ದ. ಅದ್ಯಾಕೆ ಅಂತ ನಮಗಿಬ್ಬರಿಗೂ ತಿಳೀತಿರ್ಲಿಲ್ಲ.

ಡಾಕ್ಟರಮ್ಮ ರಕ್ತ ಪರೀಕ್ಷೆ ಮಾಡಿ, ಸಕ್ಕರೆ ಅಂಶ ತೀರಾ ಕೆಳಗಿದೆ ಅಂದ್ರು. "ಏನೇನು ತಿನ್ನಿಸ್ತೀರಿ?"

ಅವ್ವ ಸಂಭ್ರಮದಿಂದ ಹೇಳಿದ್ಲು. ಬಾಳೆಹಣ್ಣು, ಹೋಳಿಗೆ ಹೂರಣ, ಪಾಯಸ, ಬೆಲ್ಲದ ಅವಲಕ್ಕಿ.

ಡಾಕ್ಟರಮ್ಮ ಪೆನ್ನು ಕೆಳಗಿಟ್ರು. ಇವನ ಮೇದೋಜೀರಕದಲ್ಲಿ ಗಂಟಿದೆ, ಅದು ಇನ್ಸುಲಿನ್ ಜಾಸ್ತಿ ಸುರಿಸುತ್ತೆ, ಸಿಹಿ ಕೊಟ್ಟಷ್ಟೂ ಇನ್ನೂ ಜಾಸ್ತಿ ಸುರಿಸಿ ಬೀಳಿಸುತ್ತೆ ಅಂತ ಬಿಡಿಸಿ ಹೇಳಿದ್ರು. "ಪೂರ್ತಿ ಬಿದ್ದಾಗ ವಸಡಿಗೆ ಒಂಚೂರು ಜೇನು ಸವರಿ, ಅಷ್ಟೇ. ದಿನಾ ಈ ಮಾತ್ರೆ. ಹಗಲೆಲ್ಲ ಆಗಾಗ ಸ್ವಲ್ಪ ಸ್ವಲ್ಪ ಕೋಳಿ ಮಾಂಸ. ಅದಿಲ್ಲ ಅಂದ್ರೆ ಬದುಕಲ್ಲ."

ಅವ್ವ ಸೆರಗು ಸರಿ ಮಾಡ್ಕೊಂಡ್ಲು. "ಬ್ಯಾಳಿ ನಡೀತದೇನ್ರಿ?"

"ಇಲ್ಲಮ್ಮ."

"ಪನೀರು?"

"ಇಲ್ಲಮ್ಮ."

"ಅಲ್ರೀ, ನಾವೆಲ್ಲ ಅದನ್ನ ಮುಟ್ಟದ ಬದುಕಿಲ್ಲೇನು?"

"ನೀವು ಫೆರೆಟ್ ಅಲ್ಲಮ್ಮ" ಅಂದ್ರು ಡಾಕ್ಟರಮ್ಮ.

ಕೋಳಿ ಅಂಗಡಿ ಮುಂದೆ

ವಾಪಸ್ ಬರೋವಾಗ ಫ್ಲೈಓವರ್ ಮೇಲೆ ಅವ್ವ ಬುಟ್ಟಿ ಮುಚ್ಚಳ ತೆಗೆದು ತೆಗೆದು ನೋಡ್ತಿದ್ಲು. "ನಾನು ಕೆಲಸ ಬಿಡಲ್ಲ, ಗುಂಡ್ಯಾನ್ನೂ ಬಿಡಲ್ಲ. ಬಾಲ್ಕನೀಲಿ ಬೇರೆ ಒಲೆ ಇಡ್ತೀನಿ" ಅಂದೆ ನಾನು. ಅವಳು ಕಿಟಕಿ ಕಡೆ ನೋಡ್ತಾ ಕೂತಿದ್ಲು. ನಾನು ಡ್ಯೂಟಿಗೆ ಹೋದ್ರೆ ಹಗಲೊತ್ತು ಮಾಂಸ ತಿನ್ನಿಸೋರು ಯಾರು ಅನ್ನೋದು ನಮ್ಮಿಬ್ಬರಿಗೂ ಗೊತ್ತಿತ್ತು. ಅದನ್ನ ಅವಳ ಹತ್ರ ಕೇಳೋಕೆ ನನಗೆ ಬಾಯಿ ಬರ್ಲಿಲ್ಲ.

ಮಾರನೇ ಬೆಳಿಗ್ಗೆ ಗುಂಡ್ಯಾ ಮತ್ತೆ ಬಿದ್ದ. ಅವ್ವ ಪೂಜೆ ಅರ್ಧಕ್ಕೆ ಬಿಟ್ಟು ಬಂದು ವಸಡಿಗೆ ಜೇನು ಸವರಿದ್ಲು. ನಾನು ಅಳುಕುತ್ತಲೇ ಫ್ಯಾಕ್ಟ್ರಿಗೆ ಹೋದೆ, ಮನಸ್ಸು ನಿಲ್ಲದೆ ಅರ್ಧ ದಿನಕ್ಕೇ ಓಡಿ ಬಂದೆ. ಮನೆ ಬೀಗ ಹಾಕಿತ್ತು. ಗೇಟಲ್ಲಿ ಓನರ್ ನಿಂತಿದ್ರು. "ನಿಮ್ಮವ್ವ ಕೋಳಿ ಅಂಗ್ಡಿ ತಾವ ಅವ್ರೆ ಮೇಡಂ. ನಾನೂ ಕಣ್ಣುಜ್ಕಂಡು ನೋಡ್ದೆ, ಅವ್ರೇಯಾ."

ಓಡಿದೆ. ಅಂಗಡಿ ಮುಂದೆ ಅವ್ವ ಹಣೆ ತುಂಬ ವಿಭೂತಿ ಹಚ್ಕೊಂಡು, ಸೆರಗಿಂದ ಮೂಗು ಮುಚ್ಕೊಂಡು, ಕಂಕುಳಲ್ಲಿ ಗುಂಡ್ಯಾನ ಬುಟ್ಟಿ ಇಟ್ಕೊಂಡು ನಿಂತಿದ್ಲು. ಅದೇ ಹೊತ್ತಿಗೆ ವಾರವಾರ ಅವಳ ಜೊತೆ ಕೂತು ವಚನ ಹಾಡೋ ಇಬ್ಬರು ಹೆಂಗಸರು ಆ ದಾರೀಲಿ ಬಂದು, ನೋಡಿ, ಅಲ್ಲೇ ನಿಂತುಬಿಟ್ರು. "ಏನ್ರೀ ಅಕ್ಕಾರ, ದಾರಿ ತಪ್ಪಿ ಬಂದ್ರೇನು?"

"ದಾರಿ ತಪ್ಪಿಲ್ಲ, ಬೇಕಂತನ ಬಂದೀನಿ" ಅಂದ್ಲು ಅವ್ವ. "ಮನ್ಯಾಗ ಒಂದು ಜೀವ ಹೋಗಾಕತ್ತೈತಿ. ಅದು ತಿನ್ನೋದು ಇದನ್ನ. ನಾ ಏನು ನನ್ನ ಬಾಯಿಗೆ ಇಟ್ಕೊಳ್ಳಾಕತ್ತಿಲ್ಲ. ಆಡ್ಕೊಳ್ಳೋದಿದ್ರ ಇಲ್ಲೇ ಆಡ್ಕೊಳ್ರಿ, ನನ್ನ ಹಿಂದ ಬ್ಯಾಡ."

ಅವರಿಬ್ಬರೂ ಬಿರಬಿರನೆ ಮುಂದೆ ನಡೆದ್ರು. ನಾನು ಅವ್ವನ ಹೆಗಲ ಮೇಲೆ ಕೈ ಇಟ್ಟೆ. ಅಂಗಡಿಯವನು ಕೋಳಿ ತುಂಡು ಹಲಗೆ ಮೇಲಿಟ್ಟು, ಕತ್ತಿ ಎತ್ತಿದ.

"ತಡಿಯಪ್ಪಾ ತಮ್ಮಾ" ಅಂತ ಅವ್ವ ಅವನ ಕೈ ತಡೆದ್ಲು. "ಮೊದಲ ಆ ಕತ್ತಿ ಚಂದಂಗ ತೊಳಿ. ಅದರಾಗ ಏನೇನು ಕೊಯ್ದಿರ್ತಿಯೋ ಏನೋ. ನಮ್ದು ಶುದ್ಧ ಸಸ್ಯಾಹಾರಿಗಳ ಮನಿ."