ಕುದುರೆಗೆ ನೀಲಿ ಹಾಕಿದ ಮೇಷ್ಟ್ರು

ನಾನು ತೆಪ್ಪಗೆ ಕೂತಿದ್ದರೂ ನನ್ನ ಸುತ್ತ ಏನಾದರೊಂದು ಆಗುತ್ತಲೇ ಇರುತ್ತದೆ. ನಾನು ತೆಪ್ಪಗೆ ಕೂತದ್ದನ್ನು ಇದುವರೆಗೆ ಯಾರೂ ನೋಡಿಲ್ಲ ಅನ್ನುವುದು ನನ್ನ ಹೆಂಡತಿಯ ವಾದ. ಇರಲಿ. ವಿದ್ಯಾರಣ್ಯಪುರಂನಲ್ಲಿ ನಮ್ಮ ಮನೆಯ ಮುಂದಿನ ಕೋಣೆಯೇ ನನ್ನ ಫೋಟೋ ಸ್ಟುಡಿಯೋ. ಐವತ್ತು ದಾಟಿದ ಮೇಲೆ ನನಗೆ ವಿಡಿಯೋ ಗೇಮಿನ ಹುಚ್ಚು ಹತ್ತಿತು. ಅದರಿಂದಾದ ಅನಾಹುತಗಳನ್ನು ಇಲ್ಲಿ ಬರೆದಿದ್ದೇನೆ. ಮುಕ್ಕಾಲು ಪಾಲು ನಿಜ. ಉಳಿದ ಕಾಲು ಪಾಲು ಯಾವುದು ಅಂತ ನನಗೂ ಮರೆತುಹೋಗಿದೆ.

೧. ಗೇಟಿನಾಚೆಯ ಕೆಸರು

ಮದುವೆ ಆಲ್ಬಮ್ ಡಿಸೈನ್ ಮಾಡಲಿಕ್ಕೆ ಅಂತ ಮನೆಯಲ್ಲಿ ಹೇಳಿ ಒಂದು ಭರ್ಜರಿ ಕಂಪ್ಯೂಟರ್ ತಂದೆ. ಆಲ್ಬಮ್ ಮಾಡಿಸುವವರು ಬರಲಿಲ್ಲ, ನಾನು ಗೇಮಿನಲ್ಲಿ ಕುದುರೆ ಓಡಿಸುತ್ತ ಕೂತೆ. ಹಳೇ ಗೇಮು. ಮರಗಳು ರಟ್ಟು ಕತ್ತರಿಸಿ ನಿಲ್ಲಿಸಿದ ಹಾಗೆ, ಆಕಾಶ ಡಿಸ್ಟೆಂಪರ್ ಬಳಿದ ಹಾಗೆ.

ಆಮೇಲೆ ಗೊತ್ತಾಯಿತು, ಶೇಡರ್ ಪ್ರಿಸೆಟ್ ಅಂತ ಒಂದಿದೆ. ಅದು ಗೇಮನ್ನು ಮುಟ್ಟುವುದಿಲ್ಲ. ಚಿತ್ರ ಪರದೆಗೆ ಬರುವ ಮೊದಲು ಅಡ್ಡ ನಿಂತು, ಇಲ್ಲಿ ನೆರಳು ಗಾಢವಾಗಲಿ, ಅಲ್ಲಿ ಬಿಸಿಲು ಚೆಲ್ಲಲಿ, ನೀರಿನಲ್ಲಿ ಮೋಡ ಕಾಣಲಿ ಅಂತ ತಿದ್ದುತ್ತದೆ. ಮದುಮಗಳಿಗೆ ಮೇಕಪ್ ಮಾಡಿದ ಹಾಗೆ. ಹುಡುಗಿ ಅವಳೇ, ಮುಖ ಬೆಳಗುತ್ತಿರುತ್ತದೆ. ಯಾರೋ ಎಲ್ಲೋ ಕೂತು ತಿಂಗಳುಗಟ್ಟಲೆ ಹದ ಮಾಡಿದ ಬಣ್ಣ, ಬೆಳಕುಗಳನ್ನು ಒಂದು ಪುಟ್ಟ ಫೈಲಿನಲ್ಲಿ ಇಟ್ಟು ಎಲ್ಲರಿಗೂ ಹಂಚುತ್ತಾರೆ. ಒಂದು ಕೀ ಒತ್ತಿದರೆ ಪ್ರಿಸೆಟ್ ಆನ್, ಮತ್ತೆ ಒತ್ತಿದರೆ ಆಫ್.

ನಾನು ಮೊದಲ ಸಲ ಒತ್ತಿದಾಗ ಗೇಮಿನಲ್ಲಿ ಆಗಷ್ಟೇ ಮಳೆ ನಿಂತಿತ್ತು. ದಾರಿಯ ಗುಂಡಿಯ ನೀರಿನೊಳಗೆ ಇಡೀ ಆಕಾಶ ಇಳಿದು ಕೂತುಬಿಟ್ಟಿತು. ಕುದುರೆ ಕಾಲಿಟ್ಟರೆ ಮೋಡ ನಡುಗಿ ಚೂರಾಗಿ, ಮತ್ತೆ ನಿಧಾನವಾಗಿ ಒಂದಾಗುತ್ತಿತ್ತು. ಮೂವತ್ತು ವರ್ಷ ಫೋಟೋ ತೆಗೆದವನು ನಾನು. ಅಂಥ ಬೆಳಕು ನನ್ನ ಕ್ಯಾಮೆರಾಗೆ ಒಂದು ದಿನವೂ ಸಿಕ್ಕಿರಲಿಲ್ಲ. ಹೆಂಡತಿಯನ್ನು ಕರೆದು ತೋರಿಸಿದೆ.

ಅವಳೂ ಬಹಳ ಹೊತ್ತು ನೋಡಿದಳು. "ಕೆಸರು ಬಲು ಚೆನ್ನಾಗಿದೆ ಕಣ್ರೀ. ಆದ್ರೆ ಇದಕ್ಕೆ ಕಂಪ್ಯೂಟರ್ ಯಾಕೆ ಬೇಕಿತ್ತು? ಗೇಟ್ ತೆಗೆದಿದ್ರೆ ಸಾಕಿತ್ತಲ್ಲ."

೨. ಬೆಟ್ಟದ ಹಿಂದಿನ ಕಣಿವೆ

ಆ ಗೇಮಿನ ಒಂದು ಕಣಿವೆಯ ಚಿತ್ರವನ್ನು ಪ್ರಿಂಟು ತೆಗೆದು, ಕಟ್ಟು ಹಾಕಿಸಿ ಸ್ಟುಡಿಯೋದ ಗೋಡೆಗೆ ತಗಲಿಸಿದೆ. ಗೋಕುಲಂನಲ್ಲಿ ಯೋಗ ಕಲಿಯುತ್ತಿದ್ದ ಒಬ್ಬ ವಿದೇಶೀಯ, ವೀಸಾ ಫೋಟೋಗೆ ಬಂದವನು, ಅದನ್ನು ನೋಡಿ ನಿಂತುಬಿಟ್ಟ. ಎಲ್ಲಿದೆ ಈ ಜಾಗ ಅಂದ.

"ಚಾಮುಂಡಿ ಬೆಟ್ಟದ ಹಿಂದೆ," ಅಂದೆ. "ಯಾರನ್ನೂ ಕೇಳಬೇಡಿ. ಊರಿನವರು ಗುಟ್ಟು ಬಿಡುವುದಿಲ್ಲ."

ಬೆಂಚಿನ ಮೇಲೆ ಪೇಪರ್ ಓದುತ್ತಿದ್ದ ನಮ್ಮ ಡ್ರಾಯಿಂಗ್ ಮೇಷ್ಟ್ರು ಕನ್ನಡಕ ಎತ್ತಿ ಚಿತ್ರ ನೋಡಿ, "ಆಕಾಶಕ್ಕೆ ನೀಲಿ ಸಾಲದು ಕಣೋ," ಅಂದರು. ಆಗ ನಾನದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ವಾರದ ಮೇಲೆ ಆ ಮನುಷ್ಯ ಬಂದ. ಬಿಸಿಲಿಗೆ ಮೂಗು ಕೆಂಪಾಗಿತ್ತು. ಬೈಸಿಕೊಳ್ಳಲು ತಯಾರಾದೆ. ಅವನು "ಸಿಕ್ಕಿತು" ಅಂತ ಫೋನ್ ತೋರಿಸಿದ. ಅದೇ ಕಣಿವೆ, ಅದೇ ಮರದ ಸಂದಿಯ ಬಿಸಿಲುಕೋಲು. ಮಾರನೆಯ ದಿನ ಅಂಗಡಿ ಮುಚ್ಚಿ ಸ್ಕೂಟರಿನಲ್ಲಿ ಬೆಟ್ಟದ ಹಿಂದೆಲ್ಲ ಸುತ್ತಿದೆ. ಎರಡು ಎಮ್ಮೆ ಸಿಕ್ಕವು.

ವೀಸಾ ಫೋಟೋ ತೆಗೆದುಕೊಂಡು ಹೋಗಲು ಅವನು ಮತ್ತೆ ಬಂದಾಗ, ನನಗೆ ದಾರಿ ಎಲ್ಲಿ ತಪ್ಪಿತೋ ಅಂತ ವಿನಯದಿಂದಲೇ ಕೇಳಿದೆ. ಅವನೂ ವಿನಯದಿಂದಲೇ ಹೇಳಿದ: "ನಾನೂ ಆ ಗೇಮ್ ಆಡುತ್ತೇನೆ."

೩. ನೀಲಿ ಕುರಿಗಳು

ಮೇಷ್ಟ್ರ ವಿಷಯ ಹೇಳಬೇಕು. ಏಳನೇ ಕ್ಲಾಸಿನಲ್ಲಿ ನಾನು ಬರೆದ ನವಿಲನ್ನು ಕೋಳಿ ಅಂತ ತಿಳಿದು ಒಳ್ಳೆಯ ಮಾರ್ಕ್ಸ್ ಕೊಟ್ಟ ಪುಣ್ಯಾತ್ಮರು. ಈಗ ರಿಟೈರಾಗಿ ನಮ್ಮ ಬೀದಿಯಲ್ಲೇ ಇದ್ದಾರೆ. ಪ್ರತಿ ಕ್ರಿಸ್‌ಮಸ್‌ಗೆ ಅವರ ಚರ್ಚಿನಲ್ಲಿ ಗೋದಲಿ ಕಟ್ಟುತ್ತಾರೆ. ಹುಲ್ಲಿನ ಕೊಟ್ಟಿಗೆ, ಬಾಲ ಯೇಸು, ಹಸು, ಕುರಿ, ಹಿಂದೆ ಆಕಾಶದ ಪರದೆ. ಅಷ್ಟಕ್ಕೂ ಬಣ್ಣ ಬಳಿಯುವುದು ಮೇಷ್ಟ್ರೇ. ಅವರ ಅಪ್ಪನ ಕಾಲದಿಂದ ಬಂದ ಕೆಲಸ.

ಹೋದ ವರ್ಷ ಕುರಿಗಳೆಲ್ಲ ನೀಲಿಯಾಗಿದ್ದವು. ಹಸುವೂ ಅರ್ಧ ನೀಲಿ. ಚರ್ಚಿನ ಹಿರಿಯರೊಬ್ಬರು ಬಹಳ ಮೆತ್ತಗೆ, "ಮುಂದಿನ ಸಲ ಆಕಾಶಕ್ಕೆ ಫ್ಲೆಕ್ಸ್ ಹಾಕಿಸೋಣ, ಕುರಿಗಳನ್ನ ರೆಡಿಮೇಡ್ ತರೋಣ. ನಿಮಗೂ ವಯಸ್ಸಾಯ್ತು," ಅಂದರಂತೆ. ಮೇಷ್ಟ್ರು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

ಅವರ ಮನೆಯವರನ್ನು ನಾವೆಲ್ಲ ಟೀಚರಮ್ಮ ಅನ್ನುತ್ತೇವೆ. ಅವರು ಬಂದು ನನ್ನೆದುರು ಕೂತರು. "ಕಣ್ಣಿಗೆ ಪೊರೆ ಬಂದಿದೆ ಕಣಪ್ಪ. ಡಾಕ್ಟರ್ ಹತ್ರ ಬನ್ನಿ ಅಂದ್ರೆ, ಸಾವಿರಾರು ಮಕ್ಕಳಿಗೆ ಬಣ್ಣ ಕಲಿಸಿದ ಕಣ್ಣು ಇದು, ನನಗೇ ಹೇಳ್ತೀಯಾ ಅಂತಾರೆ. ಡಿಸೆಂಬರ್ ಒಳಗೆ ಆಪರೇಷನ್ ಆಗ್ಲಿಲ್ಲ ಅಂದ್ರೆ ಗೋದಲಿ ಕೈಬಿಟ್ಟುಹೋಗತ್ತೆ. ಅದು ಹೋದ್ರೆ ಈ ಮನುಷ್ಯ ಮಲಗಿಬಿಡ್ತಾರೆ."

"ನಾನೇನು ಮಾಡ್ಲಿ ಟೀಚರಮ್ಮ?"

"ನಿನ್ನ ಕಿತಾಪತಿ ಒಂದು ಸಲನಾದ್ರೂ ಯಾರಿಗಾದ್ರೂ ಉಪಯೋಗಕ್ಕೆ ಬರ್ಲಿ."

ನನ್ನ ಇಷ್ಟು ವರ್ಷದ ಸೇವೆಗೆ ಸಿಕ್ಕ ಮೊದಲ ಮನ್ನಣೆ ಅದು.

೪. ವಿದೇಶದ ಸರ್ಟಿಫಿಕೇಟು

ನನ್ನ ಯೋಜನೆ ಸರಳವಾಗಿತ್ತು. ಮೇಷ್ಟ್ರ ಕೈಯಲ್ಲೇ ಒಂದು ಪ್ರಿಸೆಟ್ ಮಾಡಿಸುವುದು, ಅದನ್ನು ನಾಲ್ಕು ಜನಕ್ಕೆ ತೋರಿಸುವುದು, ಅವರು ನಗುವುದು, ಮೇಷ್ಟ್ರು ಡಾಕ್ಟರ ಹತ್ತಿರ ಓಡುವುದು.

ಮೇಷ್ಟ್ರನ್ನು ಕುರ್ಚಿಯ ಮೇಲೆ ಕೂರಿಸಿದೆ. ಕಾಡಿನ ದೃಶ್ಯ ಬಂತು, ಎಲೆಗಳ ನಡುವಿನಿಂದ ಬಿಸಿಲು ಇಳಿಯುತ್ತಿತ್ತು. ಮೇಷ್ಟ್ರು ಎದ್ದು ಚಪ್ಪಲಿ ಬಾಗಿಲ ಹೊರಗೆ ಬಿಟ್ಟು ಬಂದು ಮತ್ತೆ ಕೂತರು. "ನೆರಳು ಕಪ್ಪು ಮಾಡಿಲ್ಲ ನೋಡು. ಒಳಗೆ ಹಸಿರು ಉಸಿರಾಡ್ತಿದೆ. ಯಾರೋ ಗೊತ್ತಿರೋವ್ನು ಮಾಡಿದಾನೆ. ಆದ್ರೆ ನೀಲಿ ಸಾಲದು."

ಹಾಕಿದೆ. "ಇನ್ನೂ." ಹಾಕಿದೆ. "ಜಿಪುಣತನ ಯಾಕೋ, ಹಾಕು." ಒಂದು ಗಂಟೆ ಕಳೆಯುವ ಹೊತ್ತಿಗೆ ಮರ, ಮಣ್ಣು, ಮೋಡ, ಕುದುರೆ, ಸವಾರ ಎಲ್ಲ ನೀಲಿ. "ಈಗ ಬಂತು ನೋಡು ಸಹಜ ಬಣ್ಣ," ಅಂದರು.

ಕಾಫಿ ತಂದ ನನ್ನ ಹೆಂಡತಿ ಪರದೆ ನೋಡಿ ಅಲ್ಲೇ ನಿಂತಳು. ನನ್ನ ಕಿವಿಯ ಹತ್ತಿರ ಬಗ್ಗಿ, "ಬಟ್ಟೆಗೆ ನೀಲಿ ಹಾಕಿ ಅಂದಿದ್ದೆ, ಕುದುರೆಗಲ್ಲ," ಅಂದಳು.

ಮೇಷ್ಟ್ರ ಹೆಸರಲ್ಲೇ ಫೈಲು ಉಳಿಸಿ, ಜನ ನಗಲಿ ಅಂತ ಇಂಟರ್ನೆಟ್ಟಿಗೆ ಹಾಕಿದೆ. ಯಾರೂ ನಗಲಿಲ್ಲ. ಕನಸಿನೊಳಗೆ ಕುದುರೆ ಓಡಿಸಿದ ಹಾಗಿದೆ ಅಂತ ಒಬ್ಬ ಬರೆದ. ಯಾವುದೋ ವಿದೇಶದ ಇನ್ನೊಬ್ಬ ಬರೆದ: "ಈ ಕಲಾವಿದರ ಕಣ್ಣು ಎಲ್ಲರ ಕಣ್ಣಿನಂತಲ್ಲ."

ಮೇಷ್ಟ್ರು ಆ ಸಾಲನ್ನು ನನ್ನಲ್ಲೇ ಪ್ರಿಂಟು ಹಾಕಿಸಿ, ಕಟ್ಟು ಹಾಕಿಸಿ, ಟೀಚರಮ್ಮನಿಗೆ ಓದಿ ಹೇಳಿದರು. ಟೀಚರಮ್ಮ ನನ್ನ ಜೊತೆ ಮಾತು ಬಿಟ್ಟರು.

೫. ಒತ್ತಿದೆ, ಒತ್ತಿಲ್ಲ

ದಿನ ಓಡುತ್ತಿತ್ತು. ಈ ಸಲ ಕಿತಾಪತಿ ಬೇಡ, ನಿಜವನ್ನೇ ತೋರಿಸೋಣ ಅಂದುಕೊಂಡೆ. ನನಗೆ ಅಭ್ಯಾಸವಿಲ್ಲದ ಕೆಲಸ. ಗೇಮಿನ ಹೊಳೆದಂಡೆಯಲ್ಲಿ ಬೂದು ಹೂಗಳಿದ್ದವು. ಅವುಗಳನ್ನು ಮಾತ್ರ ತಿಳಿನೀಲಿ ಮಾಡುವ ಪ್ರಿಸೆಟ್ ಒಂದನ್ನು ತಯಾರಿಸಿ ಮೇಷ್ಟ್ರನ್ನು ಕರೆದೆ. ಕೀ ಒತ್ತಿದೆ. ದಂಡೆಯುದ್ದಕ್ಕೂ ನೀಲಿ ಹೂ ಅರಳಿ ಹರಡಿತು.

"ಎಂಗಿದೆ ಮೇಷ್ಟ್ರೇ?"

"ಒತ್ತು, ನೋಡೋಣ."

"ಒತ್ತಿದೀನಿ."

"ಎಲ್ಲಿ ಒತ್ತಿದೀಯ? ಕ್ಲಾಸಲ್ಲಿ ನನ್ನ ಕುರ್ಚಿಗೆ ಗೋಂದು ಹಚ್ಚಿದವ್ನು ನೀನು. ನಿನ್ನ ಮಾತು ನಾನು ನಂಬ್ತೀನಾ?"

ಜೀವನದಲ್ಲಿ ಮೊದಲ ಸಲ ನಿಜ ಹೇಳಿದ್ದೆ. ದೇವರಾಣೆ ಅಂದೆ. ಅದಕ್ಕೂ ನಕ್ಕರು. ಕೊನೆಗೆ, "ನಿನ್ನ ಹೆಂಡ್ತೀನ ಕರಿ. ಆಕೆ ಸುಳ್ಳು ಹೇಳಲ್ಲ," ಅಂದರು.

ಅವಳು ಬಂದಳು. ಒತ್ತಿದಳು. "ಈಗ ನೀಲಿ ಮೇಷ್ಟ್ರೇ." ಮತ್ತೆ ಒತ್ತಿದಳು. "ಈಗ ಬೂದು."

ಮೇಷ್ಟ್ರು ಪರದೆಯ ಹತ್ತಿರ ಬಗ್ಗಿದರು. "ಇನ್ನೊಂದ್ಸಲ ಒತ್ತಮ್ಮ."

"ನೀಲಿ."

"ಇನ್ನೊಂದ್ಸಲ."

"ಬೂದು."

ಅವರು ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ನಿಧಾನವಾಗಿ ಒರೆಸಿದರು. ಹಾಕಿಕೊಳ್ಳಲಿಲ್ಲ. ಕೈಯಲ್ಲೇ ಹಿಡಿದುಕೊಂಡು, "ಹಾಗಾದ್ರೆ ಕುರಿಗಳು?" ಅಂದರು.

ಮೇಷ್ಟ್ರು ಎದ್ದರು. ಬಾಗಿಲವರೆಗೆ ಹೋದವರು ತಿರುಗಿ ನನ್ನನ್ನು ನೋಡಿದರು. "ಆ ಗೋಂದೂ ನಿಜವಾಗಿ ನೀನೇ ಹಚ್ಚಿದ್ದಾ?"

"ಹೌದು ಮೇಷ್ಟ್ರೇ."

"ಒಳ್ಳೇದು. ಇವತ್ತು ನಿಜ ಹೇಳೋ ದಿನ."

೬. ಬೀದಿಯಲ್ಲಿ ಕಣ್ಣು ಹೊಡೆದದ್ದು

ಡಾಕ್ಟರು ಒಂದು ಕಣ್ಣಿಗೆ ಆಪರೇಷನ್ ಮಾಡಿದರು. ಇನ್ನೊಂದು ಹಬ್ಬ ಕಳೆದ ಮೇಲೆ ಅಂದರು. ಪೊರೆ ಹಳದಿ ಕನ್ನಡಕ ಇದ್ದ ಹಾಗೆ, ನೀಲಿಯನ್ನು ಒಳಗೆ ಬಿಡುವುದಿಲ್ಲ, ನೀಲಿ ಬಳಿದದ್ದೂ ಬಿಳಿಯ ಹಾಗೇ ಕಾಣುತ್ತದೆ ಅಂತ ವಿವರಿಸಿದರು. "ಅಂದ್ರೆ ಇಷ್ಟು ವರ್ಷ ನನ್ನ ಕಣ್ಣಿಗೇ ಯಾರೋ ಪ್ರಿಸೆಟ್ ಹಾಕಿಬುಟ್ಟಿದ್ರು," ಅಂದರಂತೆ ಮೇಷ್ಟ್ರು. ಡಾಕ್ಟರಿಗೆ ಅರ್ಥವಾಗಲಿಲ್ಲ.

ಮಾರನೆಯ ಬೆಳಿಗ್ಗೆ ಮೇಷ್ಟ್ರು ಕಪ್ಪು ಕನ್ನಡಕ ಎತ್ತಿ ಗೇಟಿನ ಮುಂದೆ ನಿಂತಿದ್ದರು. ಒಂದು ಕಣ್ಣು ಮುಚ್ಚುವುದು, ತೆರೆಯುವುದು. ಇನ್ನೊಂದು ಮುಚ್ಚುವುದು, ತೆರೆಯುವುದು. "ಈ ಕಣ್ಣಲ್ಲಿ ಆನ್, ಈ ಕಣ್ಣಲ್ಲಿ ಆಫ್. ಆಕಾಶ ಇಷ್ಟು ದೊಡ್ಡದಿದೆ ಅಂತ ಹೇಳೋದಲ್ವೇನೋ," ಅಂದರು. ಅವರ ಪಕ್ಕ ನಿಂತು ನಾನೂ ನೋಡಿದೆ. ಸುಳ್ಳು ಹೇಳುವುದಿಲ್ಲ, ದೊಡ್ಡದಾಗಿಯೇ ಇತ್ತು.

ಅಷ್ಟರಲ್ಲಿ ಎದುರು ಮನೆಯಾಕೆ ನನ್ನ ಹೆಂಡತಿಯ ಹತ್ತಿರ ದೂರು ತಂದರು. "ಮೇಷ್ಟ್ರಿಗೆ ಏನಾಗಿದೆ? ನನ್ನ ನೋಡಿ ಕಣ್ಣು ಹೊಡೀತಾರೆ."

"ನಿಮಗೊಬ್ರಿಗೇ ಅಲ್ಲ ಬಿಡಿ," ಅಂದಳು ಇವಳು. "ಈಗ ತಾನೇ ವಾಟರ್ ಟ್ಯಾಂಕಿಗೂ ಹೊಡೆದ್ರು."

ಆಮೇಲೆ ಮೇಷ್ಟ್ರು ಸ್ಟುಡಿಯೋಗೆ ಬಂದು ಕುದುರೆ ತೋರಿಸು ಅಂದರು. ನಾನು ಬೇಕೆಂದೇ ಅವರ ನೀಲಿ ಪ್ರಿಸೆಟ್ ಹಾಕಿದೆ. "ಥೂ, ಇದನ್ನ ಮಾಡಿದ್ದು ಯಾವ ಕುರುಡ?" ನಾನು ಮೂಲೆಯಲ್ಲಿದ್ದ ಫೈಲಿನ ಹೆಸರಿನ ಕಡೆ ಬೆರಳು ತೋರಿಸಿದೆ. ಓದಿದರು. ತಕ್ಷಣ ಹೊಸ ಕಣ್ಣು ಮುಚ್ಚಿ ಹಳೆಯದರಿಂದ ನೋಡಿದರು.

"ಈ ಕಡೆಯಿಂದ ಚೆನ್ನಾಗೇ ಇದೆ."

೭. ಹಸುವಿನ ಹಿಂದೆ

ಫ್ಲೆಕ್ಸ್ ಬರಲಿಲ್ಲ. ಚರ್ಚಿನ ಹಿರಿಯರು ಬಂದು, ಮೇಷ್ಟ್ರು ಹೊಸದಾಗಿ ಬರೆದ ಒಂದು ಮೋಡ ನೋಡಿ ಫ್ಲೆಕ್ಸಿನ ಮಾತೆತ್ತದೆ ಹೋದರಂತೆ. ಕ್ರಿಸ್‌ಮಸ್ ಬೆಳಿಗ್ಗೆ ನಾನೂ ಹೆಂಡತಿಯೂ ಚರ್ಚಿಗೆ ಹೋದೆವು. ಮೇಷ್ಟ್ರ ಆಕಾಶ ಕೊಟ್ಟಿಗೆಯ ಹಿಂದೆ, ಮೊದಲ ಬೆಳಕು ಬಂದೂ ಬಾರದ ಬಣ್ಣದಲ್ಲಿ ನಿಂತಿತ್ತು. ನನ್ನ ಕಂಪ್ಯೂಟರಿನಲ್ಲಿರುವ ಅಷ್ಟೂ ಪ್ರಿಸೆಟ್ ಸೇರಿಸಿದರೂ ಅದು ಬರುವುದಿಲ್ಲ. ಕುರಿಗಳು ಬೆಳ್ಳಗೆ, ಮುಟ್ಟಿದರೆ ಬೆಚ್ಚಗಿರಬಹುದು ಅನ್ನುವ ಹಾಗೆ. ನನ್ನ ಹೆಂಡತಿಗೆ ಹೇಳಲು ಏನೂ ಸಿಗಲಿಲ್ಲ. ಅದೇ ಒಂದು ಪವಾಡ.

ಆಗ ಮಕ್ಕಳ ಹಿಂಡು ಬಂತು. "ನೀಲಿ ಕುರಿ ಎಲ್ಲಿ?" ಅಂತ ಶುರುವಾಯಿತು. ಹೋದ ವರ್ಷ ಅವಕ್ಕೆ ಅದೇ ಇಷ್ಟವಾಗಿತ್ತಂತೆ. ಹಿರಿಯರ ಮೊಮ್ಮಗಳು ಅಳಲಿಕ್ಕೇ ಶುರು ಮಾಡಿದಳು. ಹಿರಿಯರು ಕೈ ಕೈ ಹಿಸುಕಿಕೊಳ್ಳುತ್ತಿದ್ದಾಗ ಮೇಷ್ಟ್ರು ಬಗ್ಗಿ ಹಸುವನ್ನು ಪಕ್ಕಕ್ಕೆ ಸರಿಸಿದರು. ಹಿಂದೆ ಒಂದು ಪುಟ್ಟ ಕುರಿ, ಅಪ್ಪಟ ನೀಲಿ. ಮಕ್ಕಳು ಚಪ್ಪಾಳೆ ತಟ್ಟಿದರು.

ನಾನು ಮೆಲ್ಲಗೆ ಕೇಳಿದೆ: "ಮಕ್ಕಳಿಗೋಸ್ಕರ ಒಂದಕ್ಕೆ ನೀಲಿ ಬಳಿದ್ರಾ ಮೇಷ್ಟ್ರೇ?"

"ನೀಲಿ ಯಾರು ಬಳಿದ್ರೋ," ಅಂದರು. "ಒಳ್ಳೇ ಕಣ್ಣು ಮುಚ್ಕೊಂಡು, ಅದಕ್ಕೂ ಬಿಳೀನೇ ಬಳಿದೆ."