ಏಳನೇ ತುಂಡಿನ ಹಕ್ಕುದಾರ

ಲೆನರ್ಡ್ ಥ್ರಪ್ ಕೆಟ್ಟಿದ್ದು "ಹೌದು" ಎಂಬ ಒಂದೇ ಮಾತಿನಿಂದ.

ಲಿಟ್ಲ್ ಹ್ಯಾಂಬಲ್‌ನಲ್ಲಿ ಅವನೊಬ್ಬನೇ ಕ್ಷೌರಿಕ. ಕುರ್ಚಿಯಲ್ಲಿ ಕುಳಿತವರು ಮಳೆ ಬರುತ್ತೆ ಅಂದರೂ ಹೌದು, ಬರಲ್ಲ ಅಂದರೂ ಹೌದು. ಕತ್ತರಿ ಹಿಡಿದವನು ವಾದಕ್ಕಿಳಿದರೆ ಕುಳಿತವರಿಗೆ ಕಿವಿಯ ಚಿಂತೆ ಹತ್ತುತ್ತದೆ ಎಂದು ಅವನಪ್ಪ ಹೇಳಿಕೊಟ್ಟಿದ್ದ. ದೇಶ ಯುರೋಪಿನ ಒಕ್ಕೂಟದಲ್ಲಿ ಇರಬೇಕೋ ಹೊರಗೆ ಬರಬೇಕೋ ಎಂದು ಊರೂರೇ ಕಚ್ಚಾಡುತ್ತಿದ್ದ ಆ ಜೂನ್ ತಿಂಗಳಲ್ಲೂ ಲೆನರ್ಡನ ಅಂಗಡಿ ತಣ್ಣಗಿತ್ತು.

ಅವನ ತಲೆಯಲ್ಲಿ ಯುರೋಪು ಇರಲೇ ಇಲ್ಲ. ಇದ್ದದ್ದು ಏಳನೇ ತುಂಡು.

ಊರಾಚೆ, ರೈಲು ಹಳಿಯ ಪಕ್ಕ, ಕೈತೋಟ ಸಂಘದ ನೆಲವಿತ್ತು. ಅದನ್ನು ತುಂಡು ತುಂಡಾಗಿ ಹಂಚಿಕೊಂಡು ಊರಿನವರು ಆಲೂಗಡ್ಡೆ, ಕೋಸು, ಈರುಳ್ಳಿ ಬೆಳೆಯುತ್ತಿದ್ದರು. ಯಾರಾದರೂ ಸತ್ತರೆ ಮಾತ್ರ ಒಂದು ತುಂಡು ಖಾಲಿಯಾಗುತ್ತಿತ್ತು, ಮತ್ತು ಮಣ್ಣು ಅಗೆಯುವವರು ಅಷ್ಟು ಸುಲಭಕ್ಕೆ ಸಾಯುತ್ತಿರಲಿಲ್ಲ. ಸರದಿಯಲ್ಲಿ ನಿಂತು ನಿಂತು ಲೆನರ್ಡನ ತಲೆ ನರೆತಿತ್ತು. ಕಾದು ಕಾದು ಸಾಕಾಗಿ ಈ ವರ್ಷ ಮನೆಯ ಬಾತ್‌ಟಬ್ಬಿಗೇ ಮಣ್ಣು ತುಂಬಿ ಬೀನ್ಸ್ ಹಾಕಿದ್ದ. ಹೆಂಡತಿ ಬೆರಿಲ್ ಈಸ್ಟರ್ ಹಬ್ಬದಿಂದ ತಂಗಿಯ ಮನೆಗೆ ಬಸ್ಸಿನಲ್ಲಿ ಹೋಗಿ ಸ್ನಾನ ಮಾಡಿ ಬರುತ್ತಿದ್ದಳು.

ಅವತ್ತು ಬೆಳಿಗ್ಗೆ ಬೆರಿಲ್ ಟವೆಲ್ಲನ್ನು ಚೀಲಕ್ಕೆ ತುರುಕುತ್ತ ಹೇಳಿದಳು: "ರೀ, ಮುದುಕ ಸೆಡ್ಜ್‌ವಿಕ್ ತೀರ್ಕೊಂಡು ಎರಡು ವಾರ ಆಯ್ತು. ಇವತ್ತು ಅವನ ಏಳನೇ ತುಂಡು ನಿಮ್ಮ ಹೆಸರಿಗಾಗ್ಬೇಕು. ಆಗ್ಲಿಲ್ಲ ಅಂದ್ರೆ ರಾತ್ರಿ ಆ ಬೀನ್ಸ್ ಕಿತ್ತು ಬೀದಿಗೆ ಹಾಕ್ತೀನಿ. ಇಲ್ಲಾ ಟಬ್ಬಲ್ಲಿ ನಾನು, ಇಲ್ಲಾ ಅವು."

"ಹೌದು," ಅಂದ ಲೆನರ್ಡ್.

ಕೈತೋಟ ಸಂಘದ ಸಮಿತಿ ಎಂದರೆ ಇಬ್ಬರು. ಅಧ್ಯಕ್ಷ ಹೊರೇಸ್ ಪಾಡ್ಮೋರ್, ನಿವೃತ್ತ ಪೋಸ್ಟ್ ಮಾಸ್ಟರ್. ಕಾರ್ಯದರ್ಶಿ ಮಿಸೆಸ್ ಗಾರ್ಸೈಡ್, ಲೆನರ್ಡನ ಅಂಗಡಿಯ ಎದುರಿಗೇ ಬೇಕರಿ ಇಟ್ಟವಳು. ತುಂಡು ಯಾರಿಗೇ ಹೋಗಬೇಕಾದರೂ ಇಬ್ಬರೂ ಕೈ ಎತ್ತಬೇಕು. ಅವರಿಬ್ಬರೂ ಒಟ್ಟಿಗೆ ಕೈ ಎತ್ತಿದ್ದನ್ನು ಕಂಡವರು ಕಡಿಮೆ.

ಅಂಗಡಿ ತೆರೆದ ಕೂಡಲೇ ಪಾಡ್ಮೋರ್ ಬಂದು ಕುರ್ಚಿಯಲ್ಲಿ ಕುಳಿತ. "ನೋಡಯ್ಯಾ ಲೆನರ್ಡ್, ನಮ್ಮ ಸೌತೆಕಾಯಿ ಎಷ್ಟು ಡೊಂಕಿರಬೇಕು ಅಂತ ಯುರೋಪಿನಲ್ಲೆಲ್ಲೋ ಕೂತೋರು ಹೇಳೋದು ಅಂದ್ರೇನು? ಹೊರಗೆ ಬಂದುಬಿಡೋದೇ ಸರಿ. ನೀನು ನಮ್ಮ ಕಡೆ ತಾನೆ?"

ಲೆನರ್ಡನ ಕತ್ತರಿ ಪಾಡ್ಮೋರನ ಕಿವಿಯ ಹಿಂದಿತ್ತು. "ಹೌದು," ಅಂದ.

ಪಾಡ್ಮೋರ್ ಜೇಬಿನಿಂದ "ಬಿಟ್ಟು ಬರೋಣ" ಎಂಬ ಕೆಂಪು ಭಿತ್ತಿಪತ್ರ ತೆಗೆದು ತಾನೇ ಬಾಗಿಲಿಗೆ ಹೋದ. ಮರದ ಬಾಗಿಲಿನ ಹೊರಮೈಗೆ ದಾರದಲ್ಲಿ ನೇತಾಡುತ್ತಿದ್ದ "ತೆರೆದಿದೆ" ಹಲಗೆಗೆ ಅದನ್ನು ಅಂಟಿಸಿ, "ಏಳನೇ ತುಂಡಿನ ವಿಷಯ ನನಗೆ ನೆನಪಿದೆ ಕಣಯ್ಯಾ," ಎಂದು ಬೆನ್ನು ತಟ್ಟಿ ಹೋದ.

ಅವನು ಮೂಲೆ ತಿರುಗುವಷ್ಟರಲ್ಲಿ ಮಿಸೆಸ್ ಗಾರ್ಸೈಡ್ ರಸ್ತೆ ದಾಟಿ ಬರುವುದು ಕಂಡಿತು. ಲೆನರ್ಡ್ ಗಾಬರಿಯಾಗಿ ಹಲಗೆ ತಿರುಗಿಸಿದ. ಹಿಂಬದಿಯಲ್ಲಿ "ಮುಚ್ಚಿದೆ" ಎಂದಿತ್ತು. ಅಂಥದ್ದಕ್ಕೆಲ್ಲ ಜಗ್ಗುವ ಹೆಂಗಸಲ್ಲ ಅವಳು, ನೂಕಿಕೊಂಡು ಒಳಗೆ ಬಂದಳು. ಕೈಯಲ್ಲಿ ಬಿಸಿ ಬನ್ನುಗಳ ತಟ್ಟೆ.

"ತಗೊಳ್ಳಿ, ನಿಮಗೇಂತಲೇ ತಂದೆ. ಅಲ್ರೀ ಲೆನರ್ಡ್, ಆ ಪಾಡ್ಮೋರ್ ಬಂದಿದ್ನಲ್ಲ, ತಲೆ ತಿಂದಿರಬೇಕು. ಅಕ್ಕಪಕ್ಕದೋರ ಜತೆ ಜಗಳ ಆಡ್ಕೊಂಡು ಯಾರಾದ್ರೂ ಬಾಳ್ತಾರಾ? ಇರೋಣ ಅನ್ನೋದೇ ವಿವೇಕ. ನೀವು ವಿವೇಕಿಗಳು, ಅಲ್ವೇ?"

ಲೆನರ್ಡನ ಬಾಯಿ ತುಂಬ ಬನ್ನು ಇತ್ತು. ತಲೆ ಆಡಿಸಿದ. ಅವಳ "ಜತೆಗಿರೋಣ" ಎಂಬ ನೀಲಿ ಭಿತ್ತಿಪತ್ರ ಹಲಗೆಯ ಹಿಂಬದಿಗೆ ಅಂಟಿತು. "ಏಳನೇ ತುಂಡಿಗೆ ನನ್ನ ಕೈ ನಿಮ್ಮದೇ ಅಂದ್ಕೊಳ್ಳಿ," ಎಂದು ಅವಳೂ ಹೋದಳು.

ಅಲ್ಲಿಂದ ಲೆನರ್ಡನಿಗೆ ಕ್ಷೌರ ಮಾಡಲು ಪುರಸೊತ್ತಾಗಲಿಲ್ಲ. ಪಾಡ್ಮೋರ್ ಪತ್ರಿಕೆ ತರಲು ಹೊರಟರೆ ಕೆಂಪು, ಮಿಸೆಸ್ ಗಾರ್ಸೈಡ್ ಮೆಟ್ಟಿಲು ಗುಡಿಸಲು ಬಂದರೆ ನೀಲಿ. ಗಿರಾಕಿಗಳ ತಲೆ ಅರ್ಧರ್ಧ ಆಗಿತ್ತು. ಅಂಗಡಿ ತೆರೆದಿದೆಯೋ ಮುಚ್ಚಿದೆಯೋ ತಿಳಿಯದೆ ಕೆಲವರು ಹೊರಗೇ ಸಾಲುಗಟ್ಟಿ ನಿಂತರು. ಏತಕ್ಕೆ ಸಾಲು ಎಂದು ತಿಳಿಯದೆ ಇನ್ನು ಕೆಲವರು ಅವರ ಹಿಂದೆ ನಿಂತರು. ಸಾಲು ಕಂಡ ಮೇಲೆ ನಿಲ್ಲದೆ ಹೋಗುವುದು ಆ ಊರಿನವರಿಗೆ ಆಗದ ಮಾತು.

ಮಧ್ಯಾಹ್ನ ಪಾಡ್ಮೋರ್ ಮತ್ತೆ ಬಂದ. "ಸಂಜೆ ಸಮುದಾಯ ಭವನದಲ್ಲಿ ಚರ್ಚೆ ಇದೆ. ನಮ್ಮ ಕಡೆಯಿಂದ ಒಬ್ಬ ಸಾಮಾನ್ಯ ಮನುಷ್ಯ ಮಾತಾಡ್ಬೇಕು. ನಿನ್ನಷ್ಟು ಸಾಮಾನ್ಯ ನಮಗೆ ಬೇರೆ ಯಾರೂ ಸಿಗ್ಲಿಲ್ಲ. ಆಗುತ್ತೆ ತಾನೆ?"

"ಹೌದು."

ಮೂರು ಗಂಟೆಯ ಚಹಾದ ಹೊತ್ತಿಗೆ ಮಿಸೆಸ್ ಗಾರ್ಸೈಡ್ ಬಂದು ಅದನ್ನೇ ಕೇಳಿದಳು. ಲೆನರ್ಡ್ "ಇ" ಎನ್ನುವವರೆಗೆ ಬಂದಿದ್ದ. ಅವಳು ಏಳನೇ ತುಂಡಿನ ಮಣ್ಣು ಎಷ್ಟು ಕಪ್ಪಗಿದೆ, ಸೆಡ್ಜ್‌ವಿಕ್ ಅದಕ್ಕೆ ಎಷ್ಟು ಗೊಬ್ಬರ ಉಣಿಸಿದ್ದ ಎಂದು ಸುಮ್ಮನೆ ನೆನಪಿಸಿದಳು. ಉಳಿದ ಅಕ್ಷರ ಗಂಟಲಲ್ಲೇ ಕರಗಿತು.

ಸಂಜೆ ಭವನ ಕಿಕ್ಕಿರಿದಿತ್ತು. ಬಿಟ್ಟು ಬರುವವರು ಎಡಕ್ಕೆ, ಇರುವವರು ಬಲಕ್ಕೆ, ಹಿಂದೆ ಚಹಾದ ದೊಡ್ಡ ಪಾತ್ರೆ. ಪಾದ್ರಿಗಳು ವೇದಿಕೆಯಲ್ಲಿ ನಿಂತು ಕನ್ನಡಕ ಏರಿಸಿಕೊಂಡರು. "ಎರಡೂ ಕಡೆಯಿಂದ ಒಬ್ಬೊಬ್ಬ ಸಾಮಾನ್ಯ ಪ್ರಜೆ ಮಾತಾಡ್ತಾರೆ. ಬಿಟ್ಟು ಬರೋಣ ಅನ್ನೋರ ಪರವಾಗಿ ಲೆನರ್ಡ್ ಥ್ರಪ್. ಜತೆಗಿರೋಣ ಅನ್ನೋರ ಪರವಾಗಿ..." ಪಾದ್ರಿಗಳು ಚೀಟಿಯನ್ನು ದೂರ ಹಿಡಿದು ನೋಡಿದರು. "ಲೆನರ್ಡ್ ಥ್ರಪ್."

ಬೇರೆ ಎಲ್ಲಾದರೂ ಆಗಿದ್ದರೆ ಕುರ್ಚಿಗಳು ಹಾರುತ್ತಿದ್ದವು. ಲಿಟ್ಲ್ ಹ್ಯಾಂಬಲ್‌ನವರು ಸಭೆಯಲ್ಲಿ ಎಡವಟ್ಟಾದರೆ ಕಾಣದವರಂತೆ ಕೂರುತ್ತಾರೆ. ಯಾರೋ ಕೆಮ್ಮಿದರು. ಪಾಡ್ಮೋರ್ ಚಾವಣಿ ನೋಡಿದ, ಮಿಸೆಸ್ ಗಾರ್ಸೈಡ್ ಕೈಚೀಲ ನೋಡಿದಳು.

ಲೆನರ್ಡ್ ಎದ್ದು ಎಡಗಡೆ ನಿಂತ. ನಮ್ಮ ಮನೆಯ ಬೀಗದಕೈ ನಮ್ಮ ಹತ್ತಿರವೇ ಇರಬೇಕು ಎಂಬ ಅರ್ಥದಲ್ಲಿ ನಾಲ್ಕು ಮಾತು ಹೇಳಿದ. ಎಡಗಡೆಯವರು ಚಪ್ಪಾಳೆ ತಟ್ಟಿದರು. ಅವನು ತಲೆಬಾಗಿ, ವೇದಿಕೆ ದಾಟಿ ಬಲಗಡೆ ನಿಂತು ಗಂಟಲು ಸರಿಮಾಡಿಕೊಂಡ. "ಹಿಂದಿನ ಭಾಷಣಕಾರರ ಬಗ್ಗೆ ನನಗೆ ಗೌರವ ಇದೆ. ಆದ್ರೆ ಅವರ ಮಾತು ಒಪ್ಪೋಕಾಗಲ್ಲ," ಎಂದು ಶುರುಮಾಡಿದ. ಬಲಗಡೆಯವರೂ ಚಪ್ಪಾಳೆ ತಟ್ಟಿದರು. ಇಬ್ಬರಲ್ಲಿ ಎರಡನೆಯವರು ಚೆನ್ನಾಗಿ ಮಾತಾಡಿದರು ಎಂದು ಹಿಂದೆ ಯಾರೋ ಅಂದರು.

ಕೊನೆಗೆ ತಡೆಯಲಾರದೆ ಪಾಡ್ಮೋರ್ ಎದ್ದ. "ಲೆನರ್ಡ್! ಎಲ್ಲರ ಮುಂದೆ ಹೇಳಿಬಿಡು. ನೀನು ಯಾವ ಕಡೆ?"

"ಹೇಳಿ, ಹೇಳಿ, ನಾವೂ ಕೇಳೋಣ," ಅಂದಳು ಮಿಸೆಸ್ ಗಾರ್ಸೈಡ್.

ಲೆನರ್ಡನಿಗೆ ಅಳು ಬಂದಂತಾಯಿತು. ಇಡೀ ಜನ್ಮದಲ್ಲಿ ಮೊದಲ ಸಲ ಅವನು ಹೌದು ಎನ್ನಲಿಲ್ಲ. "ಯಾವ ಕಡೆಯೂ ಇಲ್ಲ ಸ್ವಾಮಿ! ನೀವು ಯುರೋಪಿನಲ್ಲಿರಿ, ಚಂದ್ರಲೋಕಕ್ಕೆ ಹೋಗಿ. ನನಗೆ ಏಳನೇ ತುಂಡು ಬೇಕು. ಬೀನ್ಸು ಬಾತ್‌ಟಬ್ಬಿನಲ್ಲಿದೆ. ನನ್ನ ಹೆಂಡ್ತಿ ಸ್ನಾನಕ್ಕೆ ಬಸ್ಸಿನಲ್ಲಿ ಹೋಗ್ತಾಳೆ!"

ಅಷ್ಟೊಂದು ನಿಜವನ್ನು ಆ ಭವನದಲ್ಲಿ ಯಾರೂ ಹೇಳಿರಲಿಲ್ಲ.

"ನೋಡಿದ್ರಾ? ಬನ್ನು ಕೊಟ್ಟು ಈ ಪಾಪದವನನ್ನ ಕೆಡಿಸಿದ್ದು ನೀವು," ಅಂದ ಪಾಡ್ಮೋರ್.

"ನಾನಾ? ನನ್ನ ನೀರಿನ ಕ್ಯಾನು ಒಯ್ದು ಮೂರು ವರ್ಷ ಆಯ್ತಲ್ಲ, ಅದನ್ನ ಮೊದ್ಲು ವಾಪಸ್ ಕೊಡಿ!"

"ನಿಮ್ಮ ಪುದೀನ ನನ್ನ ಕೋಸಿನ ಕೆಳಗೆ ನುಗ್ಗಿ ಬಂದಿದೆ. ಅದಕ್ಕೆ ಏನ್ ಹೇಳ್ತೀರಿ?"

"ನಿಮ್ಮ ಬಸವನಹುಳುಗಳನ್ನ ರಾತ್ರಿ ನನ್ನ ಕಡೆ ಎಸೀತೀರಲ್ಲ, ಅದಕ್ಕೇನು ಹೇಳ್ತೀರಿ?"

ಯುರೋಪಿನ ಮಾತು ಅಲ್ಲಿಗೆ ನಿಂತಿತು. ಊರಿಗೆ ಊರೇ ಕೈತೋಟದ ಹಳೆಯ ಲೆಕ್ಕಗಳಿಗೆ ಇಳಿಯಿತು. ಪಾದ್ರಿಗಳು ಇಬ್ಬರನ್ನೂ ತೋಳು ಹಿಡಿದು ಅಡುಗೆಕೋಣೆಗೆ ಕರೆದೊಯ್ದು, ಚಹಾ ಕೊಟ್ಟು, ಬಾಗಿಲು ಹಾಕಿದರು. ಒಳಗಿನ ಕೂಗಾಟ ಸ್ವಲ್ಪ ಹೊತ್ತಿಗೆ ಗೊಣಗಾಟವಾಗಿ, ಆಮೇಲೆ ಬರೀ ಚಮಚದ ಸದ್ದಾಯಿತು.

ಬಾಗಿಲು ತೆರೆಯಿತು. ಪಾಡ್ಮೋರ್ ಮತ್ತು ಮಿಸೆಸ್ ಗಾರ್ಸೈಡ್ ಅಕ್ಕಪಕ್ಕ ನಿಂತು, ಊರೆಲ್ಲ ನೋಡುವಂತೆ, ಒಟ್ಟಿಗೆ ಕೈ ಎತ್ತಿದರು.

"ಏಳನೇ ತುಂಡಿನ ಬಗ್ಗೆ ಸಮಿತಿ ಒಮ್ಮತದ ತೀರ್ಮಾನಕ್ಕೆ ಬಂದಿದೆ," ಅಂದರು ಪಾದ್ರಿಗಳು. ಲೆನರ್ಡ್ ಪಕ್ಕದ ಕುರ್ಚಿಯ ಬೆನ್ನು ಹಿಡಿದುಕೊಂಡ. ಕಪ್ಪು ಮಣ್ಣು, ಅದರಲ್ಲಿ ಕೋಲು ನೆಟ್ಟ ಬೀನ್ಸಿನ ಸಾಲು, ಸಂಜೆಯ ರೈಲು, ಎಲ್ಲ ಅವನ ಕಣ್ಣಿಗೆ ಬಂತು.

"ಕೈತೋಟ ಸಂಘ ಇವತ್ತಿನಿಂದ ಎರಡು ಸಂಘ. ಒಂದರಿಂದ ಆರು ಪಾಡ್ಮೋರ್ ಅವರದು, ಎಂಟರಿಂದ ಹದಿಮೂರು ಮಿಸೆಸ್ ಗಾರ್ಸೈಡ್ ಅವರದು. ಏಳನೇ ತುಂಡು ಗಡಿ. ಅಲ್ಲಿ ಯಾರೂ ಏನೂ ಬೆಳೆಯೋ ಹಾಗಿಲ್ಲ. ಬೇಲಿಗೊಂದು ಗೇಟು ಇರುತ್ತೆ. ಆಚೆಯಿಂದ ಈಚೆ ಗೊಬ್ಬರ, ಗಿಡ, ಬಸವನಹುಳು ಹೋಗದ ಹಾಗೆ ನೋಡ್ಕೊಳ್ಳೋಕೆ ಯಾವ ಕಡೆಗೂ ಸೇರದ ಒಬ್ಬ ಬೇಕು."

ಎಲ್ಲರೂ ತಿರುಗಿ ಲೆನರ್ಡನನ್ನು ನೋಡಿದರು.

"ಶನಿವಾರ, ಭಾನುವಾರ ಮಾತ್ರ ಕಣಯ್ಯಾ. ಕೂರೋಕೆ ಕುರ್ಚಿ ಕೊಡ್ತೀವಿ," ಅಂದ ಪಾಡ್ಮೋರ್.

"ಬನ್ನು ನಾನು ಕಳಿಸ್ತೀನಿ," ಅಂದಳು ಮಿಸೆಸ್ ಗಾರ್ಸೈಡ್. "ಆಗುತ್ತೆ ತಾನೆ?"

ಲೆನರ್ಡ್ ಬಾಯಿ ತೆರೆದ. ಹೊರಗೆ ಬಂದದ್ದು ಹಳೆಯ ಮಾತೇ.

ಅವನು ಮನೆ ಸೇರಿದಾಗ ಬೆರಿಲ್ ಆಗಷ್ಟೇ ಬಸ್ಸಿಳಿದು ಬಂದಿದ್ದಳು. ಒದ್ದೆ ಕೂದಲು, ಹೆಗಲಲ್ಲಿ ಟವೆಲ್ಲಿನ ಚೀಲ. ಬಾಗಿಲಲ್ಲೇ ಅವನ ಮುಖ ಹಿಡಿದು ನೋಡಿದಳು. "ರೀ, ನಿಜ ಹೇಳಿ. ಏಳನೇ ತುಂಡು ನಿಮಗೇ ಕೊಟ್ರಾ?"

ಲೆನರ್ಡ್ ಯೋಚಿಸಿದ. ಶನಿವಾರ, ಭಾನುವಾರ, ಕುರ್ಚಿ, ಗೇಟು. ಕೊಡಲೇ ಇಲ್ಲ ಎಂದು ಹೇಳುವಂತೆಯೂ ಇರಲಿಲ್ಲ. ಬೆರಿಲ್‌ಳ ಕಣ್ಣು ಹೊಳೆಯುತ್ತಿತ್ತು.

"ಹೌದು," ಅಂದ.

ಬೆರಿಲ್ ಸಂತೋಷಕ್ಕೆ ಅವನ ಕೆನ್ನೆಗೆ ಮುತ್ತಿಟ್ಟಳು. ಮದುವೆಯಾದ ಹೊಸದರಲ್ಲೂ ಹಾಗೆ ಇಟ್ಟಿರಲಿಲ್ಲ. ಆಮೇಲೆ ಅಂಗಿಯ ತೋಳು ಮೇಲಕ್ಕೆ ಮಡಚಿ ಸ್ನಾನದ ಮನೆಗೆ ಹೋದಳು. ಲೆನರ್ಡ್ ಕೋಟು ಕೂಡ ಬಿಚ್ಚದೆ ಅಲ್ಲೇ ನಿಂತಿದ್ದ. ಒಳಗಿನಿಂದ ಬೀನ್ಸ್ ಬುಡಸಮೇತ ಏಳುವ ಸದ್ದು ಬಂತು.

"ಬೇರು ಗಟ್ಟಿಯಾಗಿದೆ ಕಣ್ರೀ," ಬೆರಿಲ್ ಕೂಗಿದಳು. "ಬೆಳಿಗ್ಗೆ ಮೊದಲ ಕೆಲಸ, ತಗೊಂಡು ಹೋಗಿ ಅಲ್ಲಿ ನೆಟ್ಟುಬಿಡಿ!"