ಇಂಗುಗುಂಡಿ

ಎರಡೇ ಅಕ್ಷರದ ಒಂದು ಮಾತು ಉಳವಿಯ ಸೊಸೈಟಿ ಗುಮಾಸ್ತ ಮಹೇಶ್ವರಪ್ಪನ ಭಾನುವಾರವನ್ನು ಕೆಡಿಸಿತು. ತೊಂಬತ್ತಾರನೇ ಇಸವಿಯ ಬೇಸಿಗೆ. ಸೊರಬದಲ್ಲಿ ಮಳೆನೀರಿನ ಭಾಷಣ ಕೇಳಿಬಂದವನು ಹಿತ್ತಲಿನ ಇಳಿಜಾರಿನಲ್ಲಿ ಹಾರೆ ಹಿಡಿದು ನಿಂತಿದ್ದ. ಶಿವರಾತ್ರಿ ಕಳೆದರೆ ಅವನ ಬಾವಿ ಒಣಗುತ್ತಿತ್ತು. ಹೆಂಡತಿ ಜಗದಾಂಬ ಕೆಳಮನೆ ಉಚ್ಚಂಗಮ್ಮನ ಬಾವಿಯಿಂದ ಒಂದು ಕೊಡ ನೀರಿನ ಜತೆ ನಾಲ್ಕು ಕೊಂಕು ಮಾತೂ ಹೊತ್ತು ತರಬೇಕಿತ್ತು. ಅದು ಅವನಿಗೆ ನಿಜಕ್ಕೂ ನೋವು. “ಒಂದು ಮಳೆ ಬೀಳ್ಲಿ, ನಮ್ಮ ಬಾವೀಲೇ ಸೇದ್ತೀಯ” ಎಂದು ಮಾತು ಕೊಟ್ಟಿದ್ದ.

“ಏನು ತೋಡ್ತಿದೀರಿ?” ಪಕ್ಕದ ಮನೆಯ ಜಯಪ್ಪ ಬೇಲಿಯಾಚೆಯಿಂದ ಕೇಳಿದ.

“ಇಂಗುಗುಂಡಿ ಕಣ್ರೀ.”

ಜಯಪ್ಪನಿಗೆ ಗೊತ್ತಿದ್ದದ್ದು ಒಗ್ಗರಣೆಯ ಇಂಗು ಒಂದೇ. ಅರ್ಧ ಗಂಟೆಯಲ್ಲಿ ಕೇರಿಗೆಲ್ಲ ಸುದ್ದಿ: ಗುಮಾಸ್ತರು ಸೊಸೈಟಿಯ ಇಂಗನ್ನು ಹಿತ್ತಲಲ್ಲಿ ಹೂಳುತ್ತಿದ್ದಾರೆ.

ಮೊದಲು ಬಂದವಳು ಉಚ್ಚಂಗಮ್ಮ, ಕೈಯಲ್ಲಿ ಬಟ್ಟಲು. “ಮಾವಿನಕಾಯಿ ಉಪ್ಪಿನಕಾಯಿ ಹಾಕೀನಿ. ಒಂದು ಚೂರು ಇಂಗು ಕೊಡ್ರೀ. ಮೂಟೆಗಟ್ಲೆ ಐತಂತಲ್ಲ.”

“ಆ ಇಂಗಲ್ಲಮ್ಮ, ಇದು ನೀರು ಇಂಗೋ ಗುಂಡಿ.”

“ಕೊಡಾಕೆ ಮನಸ್ಸಿಲ್ಲ ಅನ್ರಿ. ನೀರಿಗೆ ಬಂದಾಗ ನಾವು ಯಾವತ್ತಾದ್ರೂ ಇಲ್ಲ ಅಂದೀವಾ?”

ಮಹೇಶ್ವರಪ್ಪ ಇಂಗು ತಿಂದ ಮಂಗನಂತೆ ನಿಂತ.

ಆಮೇಲೆ ಸೈಕಲ್ ಏರಿ ಬಂದವರು ಸೊಸೈಟಿ ಅಧ್ಯಕ್ಷ ರಾಜಪ್ಪ. ಸುದ್ದಿ ಅವರಿಗೂ ಮುಟ್ಟಿತ್ತು. ಇದರಲ್ಲಿ ಏನೂ ಇಲ್ಲವೆಂದು ಮಹೇಶ್ವರಪ್ಪ ಗಾಬರಿಯಿಂದ ಆಣೆ ಮಾಡುತ್ತಿದ್ದರೂ ಮೂರಡಿ ಗುಂಡಿಯೊಳಗೆ ಇಣುಕಿ ನೋಡಿದರು. “ಏನೂ ಇಲ್ಲ ಅಂದ್ರೆ ಹೆದರಿಕೆ ಯಾಕೆ? ಇನ್ನೆರಡು ಅಡಿ ತೋಡ್ರಿ, ನೋಡೇ ಬಿಡಾಣ.”

ಭಾಷಣದಲ್ಲಿ ಮೂರೇ ಅಡಿ ಸಾಕೆಂದಿದ್ದರು. ಆದರೆ ನೌಕರಿಯ ಪ್ರಶ್ನೆ, ಬೆವರು ಸುರಿಸಿ ತೋಡಿದ. ಕೊನೆಯ ಏಟಿಗೆ ಹಾರೆ ಟೊಳ್ಳು ಕಲ್ಲಿಗೆ ಬಡಿದು, ಅಡಿಯಲ್ಲಿ ಬೋಗುಣಿಯಷ್ಟು ತೂತು ಬಿತ್ತು. ಇಂಗಿನ ವಾಸನೆಯೂ ಬರಲಿಲ್ಲ. “ಈಗ ನಂಬಿಕೆ ಬಂತು” ಎಂದ ರಾಜಪ್ಪ, ಮೊದಲ ಹನಿ ಬೀಳುತ್ತಲೇ ಸೈಕಲ್ ತಿರುಗಿಸಿದರು.

ಮಧ್ಯಾಹ್ನವೆಲ್ಲ ಮಳೆ ಹೊಡೆಯಿತು. ಗುಡ್ಡದ ನೀರೆಲ್ಲ ಗುಂಡಿಗೆ ಇಳಿಯಿತು. ಬಾಯಾರಿದ ಎಮ್ಮೆಯಂತೆ ಗುಂಡಿ ಅದನ್ನು ಗಟಗಟ ಕುಡಿದು ಮುಗಿಸಿತು. ಮಹೇಶ್ವರಪ್ಪನಿಗೆ ಖುಷಿಯೋ ಖುಷಿ. ಮಳೆ ನಿಂತೊಡನೆ ಗಂಡ ಹೆಂಡತಿ ಇಬ್ಬರೂ ಬಾವಿಗೆ ಬಗ್ಗಿದರು. ತಳದ ಒಣ ಕಲ್ಲಿನ ಮೇಲೆ ಕುಳಿತ ಕಪ್ಪೆಯೊಂದು ಇವರನ್ನೇ ನೋಡುತ್ತಿತ್ತು.

“ನಿಧಾನಕ್ಕೆ ಬರುತ್ತೆ ಕಣೆ” ಎಂದ.

ಬಂದದ್ದು ಉಚ್ಚಂಗಮ್ಮ. ಸೊಂಟದಲ್ಲಿ ತುಂಬಿದ ಕೊಡ, ಕೈಯಲ್ಲಿ ಬೆಳಗಿನದೇ ಬಟ್ಟಲು. “ನಮ್ಮ ಬಾವಿ ತುಂಬಿ ಬಂದೈತ್ರೀ, ಬಗ್ಗಿದ್ರೆ ಕೈಗೆ ಸಿಗ್ತೈತೆ. ನೀರಿನ ಬಣ್ಣ ನೋಡ್ರಿ, ನಿಮ್ಮ ಹಿತ್ಲ ಮಣ್ಣೇ. ಬೆಳಿಗ್ಗೆ ಒಂದು ಚೂರಿಲ್ಲ ಅಂದೋರು, ಎಲ್ಲಾ ಇಂಗಿಸಿ ನಮಗೇ ಕೊಟ್ಬಿಟ್ರಿ.”

ಜಗದಾಂಬ ಕೊಡ ಇಳಿಸಿಕೊಂಡು ನಕ್ಕೇ ಬಿಟ್ಟಳು. “ಹೋಗ್ಲಿ ಬಿಡ್ರೀ. ಅವರ ಬಾವಿಗೆ ಹೋಗೋದು ತಪ್ಪದಿದ್ರೂ ಹಗ್ಗ ಎಳೆಯೋದು ತಪ್ತು.”

ಹೆಂಡತಿ ನಕ್ಕದ್ದು ಅವನಿಗೆ ಸಮಾಧಾನ ತಂದಿತು. ಬಟ್ಟಲಲ್ಲಿದ್ದ ಉಪ್ಪಿನಕಾಯಿ ನೆಂಚಿಕೊಂಡು ಎರಡು ರೊಟ್ಟಿ ಹೆಚ್ಚೇ ತಿಂದ. ಉಪ್ಪು, ಹುಳಿ, ಖಾರ ಎಲ್ಲ ಸರಿಯಾಗಿತ್ತು. ಇಂಗೊಂದೇ ಇರಲಿಲ್ಲ.